ಬೋಜಣ್ಣ ಬಿಟ್ಟ ಕ್ಯಾಚ್

ಬೋಜಣ್ಣನಿಗೆ ಅರವತ್ತಮೂರು. ಕೊಟ್ಟಾರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಬಾವಿಯ ಪಂಪು ಸುಟ್ಟುಹೋದರೆ ಈಗಲೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಬಂದವರು ಪಂಪಿನ ಸುದ್ದಿ ಎತ್ತುವ ಮೊದಲೇ ಅವರದ್ದೊಂದು ಮಾತು ಕೇಳಬೇಕಿತ್ತು: "ನಲವತ್ತು ವರ್ಷ ಅಂಡರ್‌ಆರ್ಮ್ ಬೌಲಿಂಗ್ ಮಾಡಿದ್ದೇನೆ ಮಾರಾಯ, ಕೈಗೆ ಬಂದ ಕ್ಯಾಚ್ ಒಂದೂ ಬಿಟ್ಟದ್ದಿಲ್ಲ." ನಾನು ಅವರ ತಂಡದ ವಿಕೆಟ್ ಕೀಪರ್. ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಆದರೆ ಮಾತು ಸುಳ್ಳಲ್ಲ, ಅದೇ ನಮ್ಮ ಕರ್ಮ.

ಅಂಡರ್‌ಆರ್ಮ್ ಎಂದರೆ ಟೆನಿಸ್ ಚೆಂಡನ್ನು ಸೊಂಟದ ಕೆಳಗಿನಿಂದ ಎಸೆಯುವ ನಮ್ಮ ಊರಿನ ಕ್ರಿಕೆಟ್. ಪಿಚ್ಚು ಗಿಡ್ಡ. ಎಸೆದವನು ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡುವ ಮೊದಲೇ ಚೆಂಡು ತಿರುಗಿ ಬಂದಿರುತ್ತದೆ. ಪ್ರಾಯದವರು ತಪ್ಪಿಸಿಕೊಳ್ಳುತ್ತಾರೆ. ನಮ್ಮದು ಐವತ್ತು ದಾಟಿದವರ ಲೀಗ್. ತಪ್ಪಿಸಿಕೊಳ್ಳಬೇಕೆಂದು ತಲೆಗೆ ಹೊಳೆದು, ಆ ಸುದ್ದಿ ಮೊಣಕಾಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹೋದ ವರ್ಷ ಬೋಜಣ್ಣನಿಗೆ ಹಾಗೆಯೇ ಆಯಿತು. ಚೆಂಡು ಹುಬ್ಬಿಗೆ ಬಡಿಯಿತು, ಕನ್ನಡಕ ಚೂರಾಯಿತು, ನಾಲ್ಕು ಹೊಲಿಗೆ ಬಿತ್ತು. ಅವರ ಹೆಂಡತಿ ಮುದ್ದಕ್ಕ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದ ಗಟ್ಟಿ ಹೆಂಗಸು. ಆಸ್ಪತ್ರೆಯಿಂದ ಮನೆಗೆ ಬಂದವರೇ ಚೆಂಡನ್ನು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದರು.

ಲೀಗಿನ ಅಧ್ಯಕ್ಷ ಮುಖೇಶ್ ಕೂಡಲೇ ಸುರಕ್ಷತಾ ಸಮಿತಿ ಮಾಡಿದ. ಸಮಿತಿ ಎಂದ ಮೇಲೆ ಫ್ಲೆಕ್ಸ್ ಬೇಕು, ದೀಪ ಬೆಳಗಬೇಕು, ಗಣ್ಯರಿಗೆ ಶಾಲು ಹೊದೆಸಬೇಕು. ಪೆಟ್ಟು ತಿಂದವರೆಂದು ಬೋಜಣ್ಣನಿಗೂ ಒಂದು ಶಾಲು. ಗೋಳಿಬಜೆ ಖಾಲಿಯಾದ ಮೇಲೆ ನಿಯಮದ ಮಾತು ಬಂತು. ಬೌಲರಿಗೆ ಹೆಲ್ಮೆಟ್ ಎಂದರು, ತಂದದ್ದು ಸ್ಕೂಟರಿನದ್ದು. ಅದರೊಳಗೆ ತಲೆ ತೂರಿಸಿದವನಿಗೆ ಅಂಪೈರ್ ನೋಬಾಲ್ ಎಂದದ್ದು ಕೇಳಲಿಲ್ಲ, ಬ್ಯಾಟ್ಸ್‌ಮನ್ ಸರಿಯಾಗಿ ಕಾಣಲೂ ಇಲ್ಲ. ಮುಂದಿನ ವಾರ ಬೌಲರ್ ಎದುರಿಗೆ ಹಳೆಯ ಮೀನಿನ ಬಲೆ ಕಟ್ಟಿದರು. ಚೆಂಡು ಅದರಲ್ಲಿ ಸಿಕ್ಕಿಕೊಂಡರೆ ಕ್ಯಾಚೋ ಅಲ್ಲವೋ ಎಂದು ಮುಕ್ಕಾಲು ಗಂಟೆ ಜಗಳ. ಕೊನೆಗೆ ಮುಖೇಶ್ ಮೂರನೆಯ ನಿಯಮ ತಂದ: ಹೊಡೆದ ಚೆಂಡು ನೇರ ಹೋಗಿ ಬೌಲರಿಗೆ ತಾಗಿದರೆ ಬ್ಯಾಟ್ಸ್‌ಮನ್ ಔಟ್. ಇನ್ನು ಯಾರೂ ಬೌಲರ್ ಕಡೆಗೆ ಹೊಡೆಯುವುದಿಲ್ಲ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ನನ್ನ ಬುದ್ಧಿಗೆ ಏನೆನ್ನಬೇಕು!

ಎರಡೇ ವಾರ. ಬೌಲರುಗಳೇ ಚೆಂಡಿನ ಕಡೆಗೆ ಓಡತೊಡಗಿದರು. ಹೊಟ್ಟೆ, ತೊಡೆ, ಬೆನ್ನು, ಯಾವುದು ಎದುರಿಗೆ ಸಿಕ್ಕಿತೋ ಅದು. ಉಳ್ಳಾಲದ ಮೊಯ್ದೀನಬ್ಬ ಮೂವತ್ತು ವರ್ಷ ದುಬೈಯಲ್ಲಿ ಅಂಗಡಿ ನಡೆಸಿ, ಒಳ್ಳೆಯ ಹೊಟ್ಟೆ ಬೆಳೆಸಿಕೊಂಡು ಬಂದವರು. ಆ ಹೊಟ್ಟೆಯಿಂದಲೇ ಏಳು ವಿಕೆಟ್ ತೆಗೆದರು. "ಡಾಕ್ಟರು ಕರಗಿಸಿ ಕರಗಿಸಿ ಅಂತ ಹೇಳ್ತಿದ್ರು. ಕರಗಿಸಿದ್ರೆ ಇವತ್ತು ಎಂತ ಆಗ್ತಿತ್ತು?" ಎಂದು ಪೆಟ್ಟು ಬಿದ್ದಲ್ಲಿಗೆ ಎಣ್ಣೆ ಸವರಿಕೊಂಡು ನಗುತ್ತಿದ್ದರು. ಗಾಯಗಳು ಮೊದಲಿನ ಮೂರು ಪಟ್ಟಾದವು. ಸಮಿತಿಯ ವರದಿಯಲ್ಲಿ ಅದು 'ಆಟಗಾರರ ಉತ್ಸಾಹ' ಎಂದು ದಾಖಲಾಯಿತು.

ಬೋಜಣ್ಣ ಮಾತ್ರ ಉಗಿದರು. "ಹೊಟ್ಟೆಯಲ್ಲಿ ವಿಕೆಟ್ ತೆಗೆಯುವವ ಬೌಲರ್ ಎಂತದು? ಗೋಡೆ!"

ಮುದ್ದಕ್ಕ ಆ ಮಾತನ್ನೇ ಹಿಡಿದುಕೊಂಡರು. ಅಕ್ಕಿ ಡಬ್ಬದಿಂದ ಚೆಂಡು ತೆಗೆದು ನನ್ನ ಎದುರಿಗೇ ಗಂಡನಿಗೆ ಹೇಳಿದರು: "ಆಡಿ. ಆಟದಲ್ಲಿ ಪೆಟ್ಟು ಬಿದ್ರೆ ನಾನು ಮಾತಾಡುದಿಲ್ಲ. ಆದ್ರೆ ವಿಕೆಟಿಗೆ ಬೇಕಾಗಿ ನೀವೇ ಮೈ ಕೊಟ್ಟದ್ದು ನಾನು ಕಂಡ್ರೆ, ಅದೇ ನಿಮ್ಮ ಕಡೇ ಬಾಲ್."

ಬೋಜಣ್ಣ ಶಾಲೆಯ ಮಗುವಿನಂತೆ ತಲೆಯಾಡಿಸಿದರು. ಅವರ ಪಾಲಿಗೆ ಬದುಕು ಎಂದರೆ ಭಾನುವಾರ, ಉಳಿದ ಆರು ದಿನ ಬರೀ ಪಂಪು.

ಫೈನಲ್ ಕದ್ರಿ ಹತ್ತಿರದ ಮೈದಾನದಲ್ಲಿ, ನಮಗೂ ಉಳ್ಳಾಲದವರಿಗೂ. ಕೊನೆಯ ಚೆಂಡು ಉಳಿದಿತ್ತು, ಅವರಿಗೆ ಎರಡು ರನ್ ಬೇಕಿತ್ತು. ಬ್ಯಾಟು ಹಿಡಿದು ನಿಂತವರು ಮೊಯ್ದೀನಬ್ಬ, ಎಸೆಯುವವರು ಬೋಜಣ್ಣ. ಮುದ್ದಕ್ಕ ನನ್ನ ಬೆನ್ನ ಹಿಂದೆ, ಗೆರೆಯಾಚೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೋಜಣ್ಣ ಎಸೆದರು. ಮೊಯ್ದೀನಬ್ಬ ಬೀಸಿದರು. ಚೆಂಡು ನೇರ ಹೋಗಿ ಬೋಜಣ್ಣನ ಎದೆಗೆ ದಡ್ಡನೆ ಬಡಿಯಿತು. ಅಂಪೈರ್ ಬೆರಳೆತ್ತಿದ. ಗೆದ್ದೆವು!

ಮುಖೇಶ್ ಮೈಕು ಹಿಡಿದ. ಅವನ ಕೈಗೆ ಮೈಕು ಸಿಕ್ಕಿದರೆ ಕೇಳಬೇಕೇ? "ತಂಡಕ್ಕಾಗಿ ಬೇಕೆಂದೇ ಎದೆಯೊಡ್ಡಿದ ನಮ್ಮ ಬೋಜಣ್ಣ!" ಎಂದು ಕಿರುಚಿದ. ಒಂದು ಸಲ ಅಲ್ಲ, ಮೂರು ಸಲ. ಆ ಮಾಲೆ, ಆ ಶಾಲು, ಆ ಚಪ್ಪಾಳೆಯ ನಡುವೆ ಬೋಜಣ್ಣನ ಮುಖ ಬಿಳಿಚಿಕೊಂಡಿತು. ಮುದ್ದಕ್ಕನ ಕುರ್ಚಿಯ ಕಡೆಗೊಮ್ಮೆ ನೋಡಿ ಮೈಕು ಕಿತ್ತುಕೊಂಡರು.

"ಎದೆ ಕೊಟ್ಟದ್ದಲ್ಲ. ಅದು ಕ್ಯಾಚ್. ನಾನು... ಬಿಟ್ಟದ್ದು."

ಮೊಯ್ದೀನಬ್ಬ ಬಾಯಿ ತೆರೆದು ನಿಂತರು. "ಬೋಜಣ್ಣ, ನೀವು ಕ್ಯಾಚ್ ಬಿಟ್ಟದ್ದಾ?"

"ಬಿಟ್ಟೆ ಮಾರಾಯ. ಸುಲಭದ ಕ್ಯಾಚ್. ಕೈ ಜಾರಿತು, ಪ್ರಾಯ ಆಯ್ತಲ್ಲ." ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ನಾನು ಕೀಪರ್, ನೇರ ಎದುರಿಗಿದ್ದವನು. ಚೆಂಡು ಬರುವಾಗ ಬೋಜಣ್ಣನ ಎರಡೂ ಕೈಗಳು ಬೆನ್ನ ಹಿಂದೆ ಇದ್ದವು.

ಸಂಜೆ ಅವರ ಮನೆಗೆ ಹೋದೆ. ಬೋಜಣ್ಣ ಬಚ್ಚಲಲ್ಲಿ ಎದೆಗೆ ಬಿಸಿನೀರು ಹೊಯ್ದುಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಮುದ್ದಕ್ಕ, ನೀವು ನನ್ನ ಹಿಂದೆಯೇ ಕೂತದ್ದಲ್ಲವಾ? ನಿಮಗೆ ಕಾಣಲಿಲ್ಲವಾ?"

"ಕಾಣದೆ ಎಂತ? ನನಗೆ ಕಣ್ಣಿಲ್ವಾ?"

"ಮತ್ತೆ?"

ಮುದ್ದಕ್ಕ ಬಚ್ಚಲಿನ ಕಡೆ ನೋಡಿ ದನಿ ತಗ್ಗಿಸಿದರು. "ನಲವತ್ತು ವರ್ಷ ಬಿಡದ ಕ್ಯಾಚನ್ನು ಇಡೀ ಊರಿನ ಎದುರು ಬಿಟ್ಟೆ ಅಂತ ಹೇಳಿದ್ರಲ್ಲ. ಇನ್ನು ಅವರಿಗೆ ಕೊಚ್ಚಿಕೊಳ್ಲಿಕ್ಕೆ ಎಂತ ಉಂಟು? ಆಟವಾದ್ರೂ ಇರ್ಲಿ."

ಅಷ್ಟು ಹೇಳಿ ಚೆಂಡನ್ನು ಸೆರಗಿನಲ್ಲಿ ಒರೆಸಿ ಗಂಡನ ಆಟದ ಚೀಲಕ್ಕೆ ಹಾಕಿದರು.