ಗುಳ್ಳೆ ಬರದ ಜಾಗ

ಹೆಸರು ಹಿಡಿದು ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಇಡೀ ರಸ್ತೆಗೆ ಅವನು ಗಾಳಿಯಣ್ಣ. ಬಸ್ ಡಿಪೋ ಎದುರಿನ ಸಂದಿಯಲ್ಲಿ ಅವನ ಪಂಕ್ಚರ್ ಅಂಗಡಿ. ಒಂದು ಗಾಳಿ ಮೆಷಿನ್ನು, ಒಂದು ನೀರಿನ ತೊಟ್ಟಿ, ಗೋಡೆಗೆ ನೇತುಹಾಕಿದ ಟ್ಯೂಬುಗಳು, ಗಿರಾಕಿ ಕೂರುವುದಕ್ಕೆ ಒಂದು ಸವೆದ ಲಾರಿ ಟೈರು. ಮೂಗಿನ ತುದಿಯಲ್ಲೇ ಕೋಪ, ಕೆಲಸದಲ್ಲಿ ಮಾತ್ರ ಎತ್ತಿದ ಕೈ. ತೇಪೆ ಹಾಕಿದ ಟ್ಯೂಬನ್ನು ಮತ್ತೆ ನೀರಲ್ಲಿ ಮುಳುಗಿಸಿ, ಇಂಚಿಂಚೂ ತಿರುಗಿಸಿ ನೋಡದೆ ಅವನು ಯಾರಿಗೂ ಕೊಟ್ಟವನಲ್ಲ. ಒಂದೇ ಒಂದು ಗುಳ್ಳೆ ಎದ್ದರೂ ತೇಪೆ ಕಿತ್ತು ಮೊದಲಿನಿಂದ ಶುರು. ಗಿರಾಕಿ ಅವಸರ ಮಾಡಿದರೆ ಅವನಿಗೂ ಬೈಗುಳ ತಪ್ಪುತ್ತಿರಲಿಲ್ಲ.

ಇಂಥವನ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಪಕ್ಕೆಯಿಂದ ಸೂಜಿ ತೂರಿಸಿ, ತುದಿಗೆ ಬಿಸಿ ಕೊಟ್ಟು ಅದನ್ನು ಸುಟ್ಟರು. ಆಮೇಲೆ ಎಷ್ಟೋ ದಿನ ಅವನಿಗೆ ಸರಿಯಾಗಿ ಮಗ್ಗುಲು ಬದಲಿಸಲೂ ಆಗಲಿಲ್ಲ, ಊಟ ಕಂಡರೆ ಆಗದು. ತಿಂಗಳು ಕಳೆದು, ಸುಟ್ಟದ್ದು ನಿಜವಾಗಿ ಸತ್ತಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡುವ ದಿನ ಬಂತು.

ಅಂದು ಬೆಳಿಗ್ಗೆ ಅಂಗಿ ತೊಡುತ್ತ ಹೆಂಡತಿಗೆ ಕಡ್ಡಿ ಮುರಿದ ಹಾಗೆ ಹೇಳಿದ: "ನೋಡು, ಇವತ್ತು ಪೂರ್ತಿ ಸತ್ತಿಲ್ಲ ಅಂದ್ರೆ ಅಲ್ಲಿಗೆ ಮುಗೀತು. ಇನ್ನೊಂದ್ಸಲ ಸುಡಿಸ್ಕೊಳ್ಳೋಕೆ ನಾನು ಆ ಮಂಚದ ಮೇಲೆ ಮಲಗಲ್ಲ."

"ಆಯ್ತು ರೀ. ಮೊದಲು ಗುಂಡಿ ನೆಟ್ಟಗೆ ಹಾಕ್ಕೊಳ್ಳಿ, ಒಂದು ಮೇಲೆ ಒಂದು ಕೆಳಗಾಗಿದೆ," ಎಂದು ಅವಳೇ ಬಿಚ್ಚಿ ಹಾಕಿದಳು.

ಸ್ಕ್ಯಾನ್ ಕೋಣೆಯಲ್ಲಿ ಮಬ್ಬು ಬೆಳಕು, ಹಲ್ಲು ಕಟಕಟಿಸುವಷ್ಟು ಚಳಿ. ಡಾಕ್ಟರಮ್ಮ ಪಕ್ಕೆಗೆ ತಣ್ಣನೆಯ ಜೆಲ್ ಸವರಿ ಹೇಳಿದಳು: "ಯಜಮಾನ್ರೇ, ಕೈಗೆ ಒಂದು ಇಂಜೆಕ್ಷನ್ ಕೊಡ್ತೀವಿ. ಅದರಲ್ಲಿರೋದು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು. ರಕ್ತದ ಜೊತೆ ಲಿವರ್‌ಗೆ ಹೋಗಿ ಪರದೆ ಮೇಲೆ ಬೆಳ್ಳಗೆ ಕಾಣ್ತವೆ."

"ನನಗೇ ಗಾಳಿ ತುಂಬ್ತೀರಾ?" ಎಂದು ಅವನು ಏಳಲು ಹೋದ.

"ಭಯ ಬೇಡ, ಆಮೇಲೆ ಉಸಿರಿನ ಜೊತೆ ಹೊರಗೆ ಹೋಗ್ತವೆ," ಎಂದು ನರ್ಸು ನಗುತ್ತ ಭುಜ ಒತ್ತಿ ಮಲಗಿಸಿದಳು.

ಇಂಜೆಕ್ಷನ್ ಹೋಯಿತು. ಕಪ್ಪಗಿದ್ದ ಪರದೆಯ ಮೇಲೆ ಒಂದು ಚುಕ್ಕೆ, ಹತ್ತು ಚುಕ್ಕೆ, ನೋಡನೋಡುತ್ತಿದ್ದಂತೆ ಎಲ್ಲ ಕಡೆ ಬಿಳಿ ಗುಳ್ಳೆಗಳು ನುಗ್ಗಿದವು. ಗಾಳಿಯಣ್ಣನ ಎದೆ ಧಸಕ್ಕೆಂದಿತು. ಇಷ್ಟೊಂದು ಗುಳ್ಳೆ! ಇಂಥ ಟ್ಯೂಬಿಗೆ ಅವನು ಕೈಯನ್ನೇ ಹಾಕುತ್ತಿರಲಿಲ್ಲ. ಡಾಕ್ಟರಮ್ಮ ಪಕ್ಕೆಯ ಮೇಲಿಂದ ಸ್ಕ್ಯಾನ್ ಉಪಕರಣ ಎತ್ತಿದ್ದೇ ತಡ, ಜೆಲ್ ಒರೆಸಿಕೊಳ್ಳತೊಡಗಿದ.

"ನಡಿಯೇ ಮನೆಗೆ. ಎಲ್ಲಾ ಕಡೆ ಗುಳ್ಳೆ. ಒಂದು ಕಡೆನೂ ನೆಟ್ಟಗಿಲ್ಲ."

ಡಾಕ್ಟರಮ್ಮ ಕಕ್ಕಾಬಿಕ್ಕಿಯಾದಳು. ಬಾಗಿಲ ಬಳಿ ನಿಂತಿದ್ದ ಹೆಂಡತಿಯೇ ಮೆಲ್ಲಗೆ ಬಾಯಿಬಿಟ್ಟಳು: "ಇವರದು ಪಂಕ್ಚರ್ ಅಂಗಡಿ ಮೇಡಂ. ಗುಳ್ಳೆ ಬಂದ್ರೆ ಕೆಟ್ಟಿದೆ ಅಂತ ಇವರ ಲೆಕ್ಕ."

"ಅಯ್ಯೋ, ಇಲ್ಲಿ ಹಾಗಲ್ಲ! ಗುಳ್ಳೆ ಹೋದ ಕಡೆ ರಕ್ತ ಓಡ್ತಿದೆ ಅಂತ. ಅದು ನಿಮ್ಮ ಒಳ್ಳೇ ಲಿವರ್ರು, ಬೆಳ್ಳಗಾಗ್ಲೇಬೇಕು." ಅವಳು ರೆಕಾರ್ಡಾಗಿದ್ದನ್ನು ಮತ್ತೆ ಓಡಿಸಿ, ನಡುವಿನ ಕಪ್ಪು ಜಾಗಕ್ಕೆ ಬೆರಳಿಟ್ಟಳು. "ಇದು ಗಡ್ಡೆ. ಇದರೊಳಗೆ ಒಂದು ಗುಳ್ಳೆನೂ ಹೋಗ್ತಿಲ್ಲ, ನೋಡಿ. ಸತ್ತಿದೆ."

ಅವನು ಕಣ್ಣು ಕೀಲಿಸಿ ನೋಡಿದ. ಸುತ್ತಲೂ ಬಿಳಿ ಪ್ರವಾಹ, ನಡುವೆ ಆ ಕಪ್ಪು ತೆಪ್ಪಗೆ ಬಿದ್ದಿತ್ತು. ಹೊಟ್ಟೆಗೆ ಹಾಲೆರೆದಂತಾಯಿತು.

"ಆದ್ರೆ ಮುಚ್ಚಿಡಲ್ಲ," ಎಂದಳು ಡಾಕ್ಟರಮ್ಮ. ಅವಳ ಬೆರಳು ಕಪ್ಪಿನ ಅಂಚಿಗೆ ಸರಿಯಿತು. ಅಲ್ಲಿ ಉಗುರು ಕತ್ತರಿಸಿ ಬಿಸಾಡಿದಷ್ಟು ತೆಳ್ಳಗೆ ಒಂದು ಬಿಳಿ ಗೀಟು, ಲಿವರಿಗಿಂತ ಮೊದಲೇ ಮಿನುಗಿ ಮಂಕಾಗುತ್ತಿತ್ತು. "ಗಡ್ಡೆಯ ಈ ಅಂಚಿಗೆ ಇನ್ನೂ ರಕ್ತ ಹೋಗ್ತಿದೆ, ಇಷ್ಟರಲ್ಲಿ ಇನ್ನೂ ಜೀವ ಇದೆ. ಚಿಕ್ಕದು, ಸುಡಬಹುದು. ಇನ್ನೊಂದ್ಸಲ ಬರ್ಬೇಕಾಗುತ್ತೆ."

ಹೆಂಡತಿ ಚೀಲದ ಹಿಡಿಯನ್ನು ತಿರುಚುತ್ತ ಅವನ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ಸೂಜಿಯ ನೋವು ನೆನಪಾಯಿತು, ನಿದ್ದೆ ಬಾರದೆ ನರಳಿದ್ದು ನೆನಪಾಯಿತು. ಆದರೆ ಆ ಕಪ್ಪಿನ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಅಷ್ಟು ದೊಡ್ಡದನ್ನು ಕೊಂದವರಿಗೆ ಈ ಚೂರು ಯಾವ ಲೆಕ್ಕ? ಬದುಕಬೇಕೆಂಬ ಆಸೆ ತನ್ನಲ್ಲಿ ಇಷ್ಟಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

"ತೇಪೆ ಅಂಚು ಎದ್ದಿದೆ, ಅಷ್ಟೇ ತಾನೇ? ಅದಕ್ಕೆ ಯಾರಾದ್ರೂ ಟ್ಯೂಬ್ ಬಿಸಾಡ್ತಾರಾ?" ಎಂದ. "ಯಾವಾಗ ಬರ್ಲಿ, ಹೇಳಿ."

"ಮುಂದಿನ ವಾರ."

"ಅಷ್ಟು ತಡ ಯಾಕೆ? ನಾಳೇನೇ ಬರ್ತೀನಿ."

ಹೊರಗೆ ಬಂದಾಗ ಹೆಂಡತಿ ಬೆಂಚಿನ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು.

"ಹೆಚ್ಚಿನದೆಲ್ಲ ಸತ್ತಿದೆ ಅಂದ್ರಲ್ಲೇ, ಇನ್ನೂ ಯಾಕೆ ಅಳ್ತೀಯಾ? ಉಳಿದಿರೋದು ಒಂದು ಚೂರು," ಎಂದು ಗದರಿದ.

"ಅದಕ್ಕೆ ಯಾರು ಅಳ್ತಿದಾರೆ? ನೀವು ಬರ್ತೀನಿ ಅಂದ್ರಲ್ಲ, ಅದಕ್ಕೆ," ಎಂದಳು ಅವಳು.