ಬೆಂಚಿನ ತುದಿಗೆ ಸರಿದ ಹುಡುಗಿ

ಟೈಲರಕ್ಕನನ್ನು ನಾನು ಮೊದಲು ನೋಡಿದ್ದು ನಮ್ಮ ಅಂಗಡಿಯ ಕೌಂಟರಿನ ಆಚೆ. ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ರಿಪೇರಿ ಮಾಡಿ ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿ ಅದು; ಪದವಿ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ. ಮಧ್ಯಾಹ್ನದ ಊಟದ ಡಬ್ಬಿ ತೊಳೆದಿಟ್ಟು ಬಂದು ಕೂತಿದ್ದೆ. ಆಕೆ ಕೊಡೆ ಮಡಚಿ ಬಾಗಿಲಿಗೆ ಒರಗಿಸಿದರು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿರಬೇಕು. ಎದೆಯ ಬಳಿ ಬಟ್ಟೆಗೆ ಗುಂಡುಸೂಜಿ ಚುಚ್ಚಿಕೊಂಡಿದ್ದರು. ಲೈನಿಂಗ್ ಬಟ್ಟೆಯ ಚೂರಿನಲ್ಲಿ ಸುತ್ತಿದ್ದ ಕ್ಯಾಸೆಟ್ಟನ್ನು ಬಿಚ್ಚಿ ಮುಂದಿಟ್ಟರು.

“ಒಂದ್ ಕಡೆ ಸಿಕ್ಕಾಕೊಳ್ತಿದೆ. ಸರಿ ಮಾಡಿ. ಆದ್ರೆ ಕತ್ತರಿಸ್ಬೇಡಿ.”

ನಮ್ಮ ಯಜಮಾನರು ಚಿತ್ರದ ಹೆಸರು ಓದಿ ನಕ್ಕರು. ಎಂಬತ್ತರ ದಶಕದ ದೆವ್ವದ ಚಿತ್ರ. ಸತ್ತುಹೋದ ವಿದ್ಯಾರ್ಥಿನಿಯೊಬ್ಬಳು ಮತ್ತೆ ತರಗತಿಗೆ ಬಂದು ತನ್ನ ಬೆಂಚಿನಲ್ಲೇ ಕೂರುವ ಕಥೆ.

“ಅಯ್ಯೋ, ಇದಾ! ದೆವ್ವ ಬಂತು, ಜನ ಬರ್ಲಿಲ್ಲ. ವಾರಕ್ಕೇ ಎತ್ತಿಬಿಟ್ರು. ಇಡೀ ಟಾಕೀಸಲ್ಲಿ ಹೆದರ್ಕೊಂಡೋನು ಟಿಕೆಟ್ ಮಾರೋನು ಒಬ್ನೇ.”

ಟೈಲರಕ್ಕ ನಗಲಿಲ್ಲ. ಬೇಸರವನ್ನೂ ಪಡಲಿಲ್ಲ.

ಕ್ಯಾಸೆಟ್ಟಿನೊಳಗಿನ ಟೇಪು ಸುಕ್ಕಾದರೆ ಆ ಭಾಗವನ್ನು ಕತ್ತರಿಸಿ, ಎರಡು ತುದಿಗಳನ್ನು ಸೇರಿಸಿ ಅಂಟಿಸುವುದು ನಮ್ಮಲ್ಲಿ ರೂಢಿ. “ಎರಡು ಸೆಕೆಂಡ್ ಹೋಗುತ್ತೆ ಅಕ್ಕ, ಯಾರಿಗೂ ಗೊತ್ತಾಗಲ್ಲ,” ಎಂದರು ಯಜಮಾನರು.

“ನಂಗೆ ಗೊತ್ತಾಗುತ್ತೆ. ನನ್ ತಂಗಿ ಇರೋದೇ ಅಲ್ಲಿ.”

ಮುಂದಿನದನ್ನು ಆಕೆ ತೋಳಿನ ಉದ್ದ ಹೇಳುವ ದನಿಯಲ್ಲೇ ಹೇಳಿದರು. ಆ ಚಿತ್ರದ ತರಗತಿಯ ಹುಡುಗಿಯರಿಗೆಲ್ಲ ಸಮವಸ್ತ್ರ ಹೊಲಿದವರು ಅವರೇ. ಆಗಷ್ಟೇ ಸ್ವಂತ ಮಷೀನು ಕೊಂಡಿದ್ದರು. ಯಾರ ಅಳತೆಯನ್ನೂ ಯಾರೂ ಕಳಿಸಿರಲಿಲ್ಲ. ಹದಿನಾರರ ತಂಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅವಳ ಅಳತೆಗೇ ಎಲ್ಲವನ್ನೂ ಕತ್ತರಿಸಿದರು. ದೆವ್ವದ್ದೂ ಅದೇ ಅಳತೆ.

ಬಟ್ಟೆ ತಲುಪಿಸಲು ಅಕ್ಕತಂಗಿ ಹೋದ ದಿನ, ನಟಿಸಬೇಕಿದ್ದ ಹುಡುಗಿಯೊಬ್ಬಳು ಕೈಕೊಟ್ಟಿದ್ದಳು. ಅವಳ ಸಮವಸ್ತ್ರ ತಂಗಿಗೆ ಹೇಳಿ ಹೊಲಿಸಿದಂತೆ ಕೂತಿತು, ತಂಗಿಯನ್ನೇ ಹಿಂದಿನ ಬೆಂಚಿಗೆ ಕೂರಿಸಿದರು. ತರಗತಿಯ ಬಾಗಿಲು ತಾನಾಗಿ ತೆರೆದುಕೊಂಡಾಗ ಎಲ್ಲರೂ ಕಿರುಚಬೇಕಿತ್ತು. ಉಳಿದವರು ಕಿರುಚಿದರು. ತಂಗಿ ಮಾತ್ರ ಅತ್ತ ತಿರುಗಿ ನೋಡಿ, ಚೀಲವನ್ನು ತೊಡೆಗೆ ಎತ್ತಿಕೊಂಡು, ಬೆಂಚಿನ ತುದಿಗೆ ಸರಿದು ಜಾಗ ಬಿಟ್ಟಳು. ನಿರ್ದೇಶಕ ರೇಗಿದನಂತೆ.

“‘ಕೂರೋಕ್ ತಾನೆ ಬಂದಿರೋದು, ಪಾಪ’ ಅಂದ್ಲು,” ಎಂದರು ಅಕ್ಕ.

ಮತ್ತೆ ತೆಗೆಯಲು ರೀಲು ಉಳಿದಿರಲಿಲ್ಲವೋ ಏನೋ, ಹಾಗೇ ಬಿಟ್ಟರು. ಚಿತ್ರ ಬಿಡುಗಡೆಯಾದ ಮರುವರ್ಷ ತಂಗಿ ಜ್ವರದಲ್ಲಿ ತೀರಿಕೊಂಡಳು. ಫೋಟೊಗಳಿವೆ. ಅಲುಗಾಡುವ ತಂಗಿ ಇರುವುದು ಇದೊಂದರಲ್ಲಿ.

ಯಜಮಾನರು ಕತ್ತರಿಯನ್ನು ಡ್ರಾಯರಿಗೆ ಹಾಕಿದರು. ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಟೇಪನ್ನು ಕೈಯಿಂದಲೇ ನಿಧಾನವಾಗಿ ಇನ್ನೊಂದು ಖಾಲಿ ಕ್ಯಾಸೆಟ್ಟಿಗೆ ಸುತ್ತಿದೆವು. ಸುಕ್ಕಾದ ಜಾಗದಲ್ಲಿ ಚಿತ್ರ ಹಿಡಿದಿಡುವ ಕಂದು ಲೇಪ ಉದುರಿ, ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುತ್ತಿತ್ತು.

“ಇಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡ್ತಿದ್ರಾ?” ಎಂದು ಯಜಮಾನರು ಕೇಳಿದರು.

“ಹೂಂ. ಅವಳು ತಿರುಗಿದ ತಕ್ಷಣ ನಿಲ್ಲಿಸ್ತೀನಿ.”

“ಟೇಪ್ ನಿಂತ್ರೂ ಮಷೀನ್ ಒಳಗೆ ಟೇಪ್ ಓದೋ ಹೆಡ್ ತಿರುಗ್ತಾನೇ ಇರುತ್ತೆ ಅಕ್ಕ. ಒಂದೇ ಜಾಗನ ಉಜ್ಜುತ್ತೆ.”

ಆಕೆ ಅಳತೆಯ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ಅಂದ್ರೆ, ನಾನೇ ನೋಡಿ ನೋಡಿ ಅಳಿಸ್ಬಿಟ್ಟೆ.”

ಯಜಮಾನರು ಸ್ಕ್ರೂ ಬಿಗಿದು ಕ್ಯಾಸೆಟ್ಟನ್ನು ಮಷೀನಿಗೆ ಹಾಕಿದರು.

ಒಂದೇ ಸಲ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡೆವು. ಟೇಪು ಹರಿಯಲಿಲ್ಲ. ಬಾಗಿಲು ತೆರೆಯಿತು, ಹುಡುಗಿಯರು ಕಿರುಚಿದರು, ಪರದೆಯ ತುಂಬ ಬಿಳಿ ಗೆರೆ ಬಂತು. ಮುಖ ಬರಲೇ ಇಲ್ಲ. ಗೆರೆಗಳ ಕೆಳಗೆ ಒಂದು ಭುಜ, ಒಂದು ಚೀಲ. ಎರಡೂ ಪಕ್ಕಕ್ಕೆ ಸರಿದವು.

“ಭುಜದ ಹೊಲಿಗೆ ಚೆನ್ನಾಗ್ ಕೂತಿದೆ,” ಎಂದರು ಟೈಲರಕ್ಕ.

“ಗೆರೆ ಬರೋ ಭಾಗನ ಫೈಲಿಂದ ಕತ್ತರಿಸಿಬಿಡ್ಲಾ?” ಎಂದು ಕೇಳಿದೆ.

“ಬೇಡಪ್ಪ, ಇರ್ಲಿ. ಅವಳು ಅಲ್ಲೇ ಕೂತಿದಾಳಲ್ಲ.”

ಕೊಡೆ ಮರೆತು ಹೋಗಿದ್ದರು. ಮರುದಿನ ಕೊಡಲು ಅವರ ಅಂಗಡಿಗೆ ಹೋದಾಗ, ನಾವು ಕೊಟ್ಟ ಪೆನ್‌ಡ್ರೈವು ಗುಂಡಿಗಳ ಡಬ್ಬಿಯಲ್ಲಿ ಬಿದ್ದಿತ್ತು. ಮತ್ತೆ ನೋಡಿದಿರಾ ಎಂದರೆ ಇಲ್ಲವೆಂದು ತಲೆಯಾಡಿಸಿ ದಾರ ಕಡಿದರು.

ಈಗ ಟೈಲರಕ್ಕ ಹತ್ತಿರದ ಶಾಲೆಗೆ ಸಮವಸ್ತ್ರ ಹೊಲಿಯುತ್ತಾರೆ. ಪ್ರತಿ ಮಗುವಿನ ಅಳತೆಯನ್ನೂ ಬೇರೆಬೇರೆಯಾಗಿ ತೆಗೆದುಕೊಳ್ಳುತ್ತಾರೆ.