ಕೊನೆಯ ಪುಟದಿಂದ ಓದುವ ಮೂರ್ತಿ ಅಂಕಲ್

ಗೆಳೆಯರೇ, ಇವತ್ತು ವಾರೆನ್ ಊರಿನ ನಮ್ಮ ಕನ್ನಡ ಓದುಬಳಗದಲ್ಲಿ ಮೂರ್ತಿ ಅಂಕಲ್ ಮತ್ತೆ ಕಾದಂಬರಿಯ ಕೊನೆ ಹೇಳಿಬಿಟ್ಟರು. ನಾವು ತಿಂಗಳಿಗೊಂದು ದೇಶದ ಪುಸ್ತಕ ಓದುತ್ತೇವೆ, ಈ ಸಲ ಜಪಾನಿನದು. ಉಳಿದವರೆಲ್ಲ ಇನ್ನೂ ಅರ್ಧದಲ್ಲಿದ್ದೆವು. "ಆ ಮುದುಕಿ ಹೋಗ್ಬಿಡ್ತಾಳೆ ಕಣ್ರೀ" ಎಂದು ಚಕ್ಕುಲಿ ಮುರಿಯುತ್ತಾ ಹೇಳಿದರು.

ಈ ರಿಸೆಷನ್‌ನಲ್ಲಿ ಕಾರು ಕಂಪನಿಯ ಕೆಲಸ ಹೋದಾಗಿನಿಂದ ಅವರು ಯಾವ ಪುಸ್ತಕವನ್ನಾದರೂ ಕೊನೆಯ ಪುಟದಿಂದಲೇ ಶುರು ಮಾಡುತ್ತಾರೆ. "ಒಂದ್ಸಲ ಸರ್‌ಪ್ರೈಸ್ ಆಗಿದ್ದು ಸಾಕು" ಎನ್ನುತ್ತಾರೆ.

ಅವರ ಹೆಂಡತಿ ಲಲಿತಾ ಆಂಟಿ ಇವತ್ತು ಬಿಡಲಿಲ್ಲ. "ಜಪಾನ್ ಮುದುಕಿ ಏನಾದ್ಲು ಅಂತ ಬೇಕು ಇವರಿಗೆ. ಬೆಳಿಗ್ಗೆ ಇಂಟರ್‌ವ್ಯೂ ರಿಸಲ್ಟ್ ಬಂದಿದೆ, ಆ ಮೇಲ್ ಮಾತ್ರ ಓಪನ್ ಮಾಡಿಲ್ಲ."

ಅಂಕಲ್ ಫೋನನ್ನು ನನ್ನ ಕೈಗಿಟ್ಟರು. ಬಳಗದಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವಳು ನಾನೇ ಎಂದೋ ಏನೋ. "ಲಿಟರೇಚರ್ ಓದಿರೋಳು ನೀನು, ಓದಮ್ಮ. ಕೊನೆ ಸಾಲು ಮೊದಲು."

ಕೊನೆಯಲ್ಲಿ ಬರೆದವರ ಹೆಸರು ಮಾತ್ರ ಇತ್ತು. ಬೇರೆ ದಾರಿಯಿಲ್ಲದೆ ಮೊದಲಿನಿಂದ ಓದಿದೆ. ಕೆಲಸ ಸಿಕ್ಕಿತ್ತು. ಇಲ್ಲಿಂದ ಮುನ್ನೂರು ಮೈಲಿ ದೂರದ ಬೋಲಿಂಗ್‌ಬ್ರೂಕ್‌ನಲ್ಲಿ, ಒಂದು ಗೋದಾಮಿನ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ.

ಆಂಟಿ ಕಣ್ಣೊರೆಸಿಕೊಂಡು ಎಲ್ಲರಿಗೂ ಇನ್ನೊಂದೊಂದು ಚಕ್ಕುಲಿ ಹಂಚಿದರು.

ಮುಂದಿನ ತಿಂಗಳು ಪೋರ್ಚುಗಲ್, ನಾನೂರು ಪುಟ. ಕೊನೆ ಹೇಳಲು ಅಂಕಲ್ ಇರುವುದಿಲ್ಲ. ಪೂರ್ತಿ ನಾವೇ ಓದಬೇಕು.